ವಿದೇಶದ ಬಡ ಊರಿಗೆ ವೈದ್ಯಕೀಯ ಸೇವೆಗೆ ಹೋಗಬೇಕೆ? ಯಾವ ದಾರಿ ಯಾರಿಗೆ

ಕಲಬುರಗಿಯಲ್ಲಿ ಮೆಡಿಕಲ್ ಕಾಲೇಜುಗಳಿಗೇನೂ ಬರವಿಲ್ಲ. 1963ರಲ್ಲಿ ಶುರುವಾದ ಎಂ.ಆರ್. ಮೆಡಿಕಲ್ ಕಾಲೇಜು ಇದೆ, ಜಿಮ್ಸ್ ಇದೆ, ಇಎಸ್‌ಐ ಇದೆ, ಕೆಬಿಎನ್ ಇದೆ. ಪಕ್ಕದ ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ನರ್ಸಿಂಗ್ ಕಾಲೇಜುಗಳನ್ನಂತೂ ಎಣಿಸೋಕೇ ಹೋಗಬೇಡಿ. ಹಾಗಾಗಿ ನರ್ಸಿಂಗ್ ಪಾಠ ಹೇಳುವ ನನ್ನ ಹತ್ತಿರ ಪ್ರತಿ ವರ್ಷ ಯಾರಾದರೊಬ್ಬರು ಬಂದು ಕೇಳುತ್ತಾರೆ: "ಮೇಡಂ, ಆಫ್ರಿಕಾಕ್ಕೋ ನೇಪಾಳಕ್ಕೋ ಹೋಗಿ ಸ್ವಲ್ಪ ದಿನ ಸೇವೆ ಮಾಡಬೇಕು ಅಂತ ಇದೆ. ಯಾವ ಸಂಸ್ಥೆ ಚಲೋ?"

ಒಂದೇ ಮಾತಿನಲ್ಲಿ ಹೇಳಿ ಕಳಿಸೋಕಾಗಲ್ಲ. ದಾರಿಗಳು ಐದಾರು ಇವೆ. ಒಂದು ಕಡೆ ನೀವೇ ದುಡ್ಡು ಕಟ್ಟಬೇಕು, ಇನ್ನೊಂದು ಕಡೆ ಅವರೇ ಸಂಬಳ ಕೊಡುತ್ತಾರೆ. ಒಂದು ಎರಡು ವಾರದಲ್ಲಿ ಮುಗಿಯುತ್ತದೆ, ಇನ್ನೊಂದಕ್ಕೆ ಒಂದು ವರ್ಷ ಎತ್ತಿಡಬೇಕು. ಆದರೆ ಎಲ್ಲಕ್ಕೂ ನಾನು ಹಾಕುವ ಪ್ರಶ್ನೆ ಒಂದೇ. ನೀವು ವಾಪಸ್ ವಿಮಾನ ಹತ್ತಿದ ಮರುದಿನ ಆ ರೋಗಿಯನ್ನು ಯಾರು ನೋಡುತ್ತಾರೆ?

ಈ ಪ್ರಶ್ನೆಯ ಬಿಸಿ ನಮ್ಮ ಭಾಗದವರಿಗೆ ಚೆನ್ನಾಗಿ ಗೊತ್ತಿರಬೇಕು. ಕ್ಯಾಂಪ್ ಮಾಡುವವರ ಸಾಲಿಗೆ ನಾವು ಸೇರಿದ್ದು ಈಚೆಗೆ. ಕ್ಯಾಂಪ್ ಮಾಡಿಸಿಕೊಳ್ಳುವವರ ಸಾಲಿನಲ್ಲಿ ಮೊದಲಿನಿಂದಲೂ ಇದ್ದೇವೆ. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ಯಾದಗಿರಿ ಜಿಲ್ಲೆಯದಾಗಿತ್ತು, ಶೇ. 51.8. ಗುರುಮಠಕಲ್ ಕಡೆಯ ಒಂದು ಹಳ್ಳಿಗೆ ದೊಡ್ಡ ಊರಿನಿಂದ ಒಂದು ತಂಡ ಬಂದು ಹೋದ ಮೇಲೆ ನಾವು ಹೋಗಿದ್ದೆವು. ಒಬ್ಬ ಆಯಿ ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ತೋರಿಸಿದರು. ಅದರ ಮೇಲೆ ಪೆನ್ನಿನಲ್ಲಿ ಒಂದು ಸೂರ್ಯ ಬರೆದಿತ್ತು, ಬೆಳಿಗ್ಗೆ ಒಂದು ತಗೊಳ್ಳಬೇಕು ಅಂತ ಗುರುತು. ಬಿಪಿ ಗುಳಿಗೆ. ಹತ್ತು ದಿನದ್ದು. ಪೊಟ್ಟಣ ಖಾಲಿಯಾಗಿತ್ತು, ಬಿಪಿ ನೋಡಿದರೆ ಮೇಲಿನದು ಇನ್ನೂರರ ಹತ್ತಿರ. "ಗುಳಿಗಿ ಮುಗದಾವ್ರಿ ಸಿಸ್ಟರ್, ಹಂಗಾದ್ರ ಬ್ಯಾನಿನೂ ಮುಗೀತಲ್ರಿ?" ಅಂದರು. ತಪ್ಪು ಅವರದಲ್ಲ. ಗುಳಿಗೆ ಕೊಟ್ಟವರು ಮುಂದಿನ ಗುಳಿಗೆ ಎಲ್ಲಿ ಸಿಗುತ್ತದೆ ಅಂತ ಹೇಳಿರಲಿಲ್ಲ. ಆ ಊರಿನ ಪಿಎಚ್‌ಸಿಗೂ ಒಂದು ಮಾತು ತಿಳಿಸಿರಲಿಲ್ಲ.

ಇದನ್ನೇ ಉಗಾಂಡಾದ ಒಂದು ಹಳ್ಳಿಗೆ ಹಾಕಿ ನೋಡಿ. ದೊಡ್ಡ ಊರಿನ ತಂಡದ ಜಾಗದಲ್ಲಿ ನೀವು ನಿಂತಿರುತ್ತೀರಿ, ಅಷ್ಟೇ ವ್ಯತ್ಯಾಸ.

ದುಡ್ಡು ಕಟ್ಟಿ ಹೋಗುವ ಪ್ಯಾಕೇಜ್

ಇನ್‌ಸ್ಟಾಗ್ರಾಂನಲ್ಲಿ ಜಾಸ್ತಿ ಕಾಣುವುದು ಇದೇ. ಘಾನಾ, ಕೀನ್ಯಾ, ತಾಂಜಾನಿಯಾ, ನೇಪಾಳ, ಕಾಂಬೋಡಿಯಾ. ಎರಡರಿಂದ ನಾಲ್ಕು ವಾರ. ಇರೋಕೆ ಜಾಗ, ಊಟ, ಆಸ್ಪತ್ರೆಯಲ್ಲಿ 'ಪ್ಲೇಸ್‌ಮೆಂಟ್', ವಾರದ ಕೊನೆಗೆ ಸಫಾರಿ. ಟಿಕೆಟ್, ವೀಸಾ, ಫೀ ಎಲ್ಲ ಸೇರಿದರೆ ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ಆ ದುಡ್ಡಿನಲ್ಲಿ ಆಸ್ಪತ್ರೆಗೆ ಎಷ್ಟು ಮುಟ್ಟುತ್ತದೆ ಅಂತ ಬರೆದು ಕೇಳಿ. ಬಹಳ ಕಡೆ ಉತ್ತರವೇ ಬರಲ್ಲ.

ದುಡ್ಡಿಗಿಂತ ದೊಡ್ಡ ಚಿಂತೆ ಬೇರೆ ಇದೆ. "ನಿಮ್ಮ ಕಾಲೇಜಿನಲ್ಲಿ ಮುಟ್ಟೋಕೂ ಬಿಡದ ಕೆಲಸ ಇಲ್ಲಿ ಕೈಯಾರೆ ಮಾಡಬಹುದು" ಅಂತ ಆಸೆ ತೋರಿಸುವವರು ಇದ್ದಾರೆ. ಹೊಲಿಗೆ ಹಾಕಬಹುದು, ಹೆರಿಗೆ ಮಾಡಿಸಬಹುದು ಅಂತ. ಎರಡನೇ ವರ್ಷದ ವಿದ್ಯಾರ್ಥಿಗೆ ಇದು ಕೇಳೋಕೆ ಚೆನ್ನಾಗೇ ಇರುತ್ತದೆ. ಆದರೆ ಕಲಬುರಗಿಯ ಲೇಬರ್ ರೂಮಿನಲ್ಲಿ ನಿಮಗೆ ಯಾಕೆ ಬಿಡಲ್ಲವೋ ಆ ಕಾರಣ ಘಾನಾದ ಅಕ್ರಾದಲ್ಲಿ ಬದಲಾಗುತ್ತದೆಯೇ? ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ 2011ರಲ್ಲೇ ತನ್ನ ವಿದ್ಯಾರ್ಥಿಗಳಿಗೆ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ತರಬೇತಿ ಆಗದ ಕೆಲಸಕ್ಕೆ ಹೊರದೇಶದಲ್ಲೂ ಕೈ ಹಾಕಬೇಡಿ ಅನ್ನೋದು ಅದರ ತಿರುಳು. ಉಗಾಂಡಾದ ಜಿಂಜಾದಲ್ಲಿ ವೈದ್ಯಕೀಯ ಓದೇ ಇಲ್ಲದ ಅಮೆರಿಕದ ಒಬ್ಬ ಯುವತಿ ಅಪೌಷ್ಟಿಕ ಮಕ್ಕಳ ಕೇಂದ್ರ ನಡೆಸುತ್ತಿದ್ದಳು. ಅಲ್ಲಿ ಮಕ್ಕಳು ತೀರಿಕೊಂಡರು. 2019ರಲ್ಲಿ ತಾಯಂದಿರು ಅಲ್ಲಿನ ಕೋರ್ಟಿಗೆ ಹೋದರು. ಮರುವರ್ಷ ರಾಜಿಯಾಯಿತು, ತಪ್ಪೊಪ್ಪಿಗೆ ಆಗಲಿಲ್ಲ. ಸೇವೆಯ ಮನಸ್ಸು ಇದ್ದರೆ ಸಾಕು ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ನಿಮ್ಮ ನೋಂದಣಿ ಪ್ರಮಾಣಪತ್ರವನ್ನೇ ಕೇಳದ ಏಜೆನ್ಸಿ ಅಂದರೆ ಅಲ್ಲಿಗೆ ಕೈಬಿಡಿ. ಇನ್ನು ಸುಮ್ನೆ ನೋಡಿ ಕಲಿಯೋಕೆ, ಅಂದರೆ ಅಬ್ಸರ್ವರ್ ಆಗಿ ಹೋಗುತ್ತೀರಿ ಅಂತಾದರೆ ನನ್ನ ತಕರಾರಿಲ್ಲ. ಅದನ್ನು ಸ್ಟಡಿ ಟೂರ್ ಅಂತಲೇ ಕರೆಯಿರಿ. ಒಂದು ಮಾತು ಮಾತ್ರ ನೆನಪಿರಲಿ, ನೀಟ್ ಪಿಜಿಗೆ ಈ ಸರ್ಟಿಫಿಕೇಟಿನಿಂದ ಒಂದು ಅಂಕವೂ ಸಿಗಲ್ಲ.

ಎರಡು ವಾರದ ಸರ್ಜರಿ ತಂಡಗಳು

ಅವಧಿ ಇದಕ್ಕೂ ಅಷ್ಟೇ, ಆದರೆ ಮಾತು ಪೂರ್ತಿ ಬೇರೆ. ಸೀಳು ತುಟಿ ಹೊಲಿಯುವುದು, ಕಣ್ಣಿನ ಪೊರೆ ತೆಗೆಯುವುದು, ಹರ್ನಿಯಾ. ಇಂಥ ಕೆಲಸದ ಬಹುಭಾಗ ಟೇಬಲ್ ಮೇಲೇ ಮುಗಿಯುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಮೂರ್ಛೆ ರೋಗ ಹಾಗಲ್ಲ, ಅವು ಜೀವನಪೂರ್ತಿ ಜೊತೆಗಿರುವಂಥವು. ಹೀಗಾಗಿ ಕಡಿಮೆ ದಿನಕ್ಕೆ ಹೋಗುವುದಾದರೆ ಒಂದೇ ಸಲಕ್ಕೆ ಮುಗಿಯುವ ಚಿಕಿತ್ಸೆಗೆ ಹೋಗಿ. ಹತ್ತು ದಿನದ ಜನರಲ್ ಒಪಿಡಿಗೆ ಅಂತ ಸಮುದ್ರ ದಾಟಬೇಡಿ.

ಭಾರತದಿಂದಲೇ ಹೊರಡುವ ತಂಡಗಳಲ್ಲಿ ರೋಟರಿಯದು ಹಳೆಯದು. ರೋಟರಿಯ ಅಂತರರಾಷ್ಟ್ರೀಯ ಅಧ್ಯಕ್ಷರಾಗಿದ್ದ ಚಂಡೀಗಢದ ರಾಜೇಂದ್ರ ಸಾಬೂ 1998ರಲ್ಲಿ ಆಫ್ರಿಕಾಕ್ಕೆ ಇಂಥ ತಂಡ ಕರೆದೊಯ್ಯುವ ಕೆಲಸ ಶುರು ಮಾಡಿದರು. ಸರ್ಜನ್, ಅರಿವಳಿಕೆ ವೈದ್ಯರು, ಕಣ್ಣಿನ ಡಾಕ್ಟರ್, ಮೂಳೆ ಡಾಕ್ಟರ್ ಇರುವ ತಂಡಗಳು ಇವು. ಕಲಬುರಗಿಯವರಿಗೆ ಇದರ ಬಾಗಿಲು ಹತ್ತಿರದಲ್ಲೇ ಇದೆ. ಊರಿನ ಕ್ಲಬ್‌ನ ಸದಸ್ಯರ ಮೂಲಕ ವಿಚಾರಿಸಿದರಾಯಿತು. ಸೀಳು ತುಟಿಗೆ ಹೆಸರಾದದ್ದು 1982ರಲ್ಲಿ ಶುರುವಾದ ಆಪರೇಷನ್ ಸ್ಮೈಲ್. ಅವರು ನಿಮ್ಮ ಓದು, ಅನುಭವ, ಕೈಚಳಕ ಎಲ್ಲವನ್ನೂ ಸೋಸಿ ನೋಡುತ್ತಾರೆ. ಕಿರಿಕಿರಿ ಅನ್ನಿಸಬಹುದು. ಕಿರಿಕಿರಿ ಮಾಡದ ಸಂಸ್ಥೆಯನ್ನು ನಂಬಬೇಡಿ ಅನ್ನುತ್ತೇನೆ ನಾನು.

ಇಲ್ಲೂ ಒಂದು ಕೊಕ್ಕೆ ಇದೆ. ಏಳನೇ ದಿನ ಗಾಯ ಕೀವು ಹಿಡಿದರೆ ನೋಡುವವರು ಯಾರು? ಸೀಳು ಅಂಗುಳ ಹೊಲಿದ ಮಗುವಿಗೆ ಮಾತಿನ ತರಬೇತಿ ತಿಂಗಳುಗಟ್ಟಲೆ ಬೇಕು, ಅದನ್ನು ಕೊಡುವವರು ಯಾರು? 1999ರಲ್ಲಿ ಶುರುವಾದ ಸ್ಮೈಲ್ ಟ್ರೇನ್ ಇದಕ್ಕೇ ಬೇರೆ ದಾರಿ ಹಿಡಿಯಿತು. ಹೊರಗಿನಿಂದ ಸರ್ಜನ್ ಕಳಿಸುವ ಬದಲು ಆಯಾ ದೇಶದ ಆಸ್ಪತ್ರೆಗೆ ದುಡ್ಡು, ಅಲ್ಲಿನ ಡಾಕ್ಟರಿಗೆ ತರಬೇತಿ. ನಮ್ಮ ದೇಶದಲ್ಲೂ ಸಾವಿರಾರು ಮಕ್ಕಳ ತುಟಿ ಕೂಡಿದ್ದು ಹೀಗೇ, ಭಾರತದ ಸರ್ಜನ್‌ಗಳ ಕೈಯಿಂದ. ಎರಡು ತಂಡಗಳ ಮಧ್ಯೆ ಆಯ್ಕೆ ಇದ್ದರೆ, ಅಲ್ಲಿನ ಡಾಕ್ಟರನ್ನು ಟೇಬಲ್‌ನ ಆಚೆ ಬದಿಗೆ ನಿಲ್ಲಿಸಿಕೊಂಡು ಮಾಡುವ ತಂಡವನ್ನೇ ಸೇರಿ. ಕೇಸುಗಳ ಸಂಖ್ಯೆ ಕಡಿಮೆಯಾದರೂ ಪರವಾಗಿಲ್ಲ.

ಹಡಗಿನ ದವಾಖಾನೆ

ಮರ್ಸಿ ಶಿಪ್ಸ್ ಅಂತ ಒಂದು ಕ್ರೈಸ್ತ ಸೇವಾ ಸಂಸ್ಥೆ, 1978ರಿಂದ ಇದೆ. ಹಡಗೇ ಆಸ್ಪತ್ರೆ. ಆಪರೇಷನ್ ಥಿಯೇಟರ್, ವಾರ್ಡ್, ಲ್ಯಾಬ್, ಸಿ.ಟಿ. ಸ್ಕ್ಯಾನ್ ಎಲ್ಲ ಒಳಗೇ. ಆಫ್ರಿಕಾದ ಒಂದು ಬಂದರಿನಲ್ಲಿ ತಿಂಗಳುಗಟ್ಟಲೆ ನಿಂತು ಗೆಡ್ಡೆ, ಸುಟ್ಟಗಾಯದಿಂದ ಬಿಗಿದುಕೊಂಡ ಚರ್ಮ, ಹೆರಿಗೆಯಿಂದಾದ ಫಿಸ್ಟುಲಾ (ಮೂತ್ರ ಸೋರುವಂಥ ರಂಧ್ರ) ಇಂಥವನ್ನೆಲ್ಲ ಸರಿಪಡಿಸುತ್ತಾರೆ. ಗ್ಲೋಬಲ್ ಮರ್ಸಿ ಅನ್ನುವ ಹೊಸ ಹಡಗು 2022ರಲ್ಲಿ ಸೆನೆಗಲ್‌ಗೆ ಹೋಯಿತು. ನರ್ಸ್‌ಗಳಿಗೆ, ಥಿಯೇಟರ್ ಟೆಕ್ನಿಷಿಯನ್‌ಗಳಿಗೆ ಇಲ್ಲಿ ಒಳ್ಳೆಯ ಅವಕಾಶವಿದೆ. ಅಡುಗೆಯವರು, ಎಲೆಕ್ಟ್ರಿಷಿಯನ್‌ಗಳು ಕೂಡ ವಾಲಂಟಿಯರ್‌ಗಳೇ.

ಇಲ್ಲಿ ಕೆಲಸ ಅಚ್ಚುಕಟ್ಟು. ಆಕ್ಸಿಜನ್ ಇಲ್ಲ, ಕರೆಂಟ್ ಹೋಯಿತು ಅನ್ನುವ ಗೋಳಿಲ್ಲ. ಆದರೆ ವಿಮಾನ ಟಿಕೆಟ್, ವಿಮೆ, ಕೈಖರ್ಚು ಎಲ್ಲ ನಿಮ್ಮದೇ. ಪಶ್ಚಿಮ ದೇಶದವರು ತಮ್ಮ ಚರ್ಚಿನಿಂದ, ಗೆಳೆಯರಿಂದ ದೇಣಿಗೆ ಎತ್ತಿ ಬರುತ್ತಾರೆ. ನಮ್ಮಲ್ಲಿ ಸ್ಟಾಫ್ ನರ್ಸ್ ಒಬ್ಬಳು "ಸೇವೆಗೆ ಹೋಗ್ತೀನಿ, ದುಡ್ಡು ಕೊಡ್ರಿ" ಅಂದರೆ ಸೋದರಮಾವನೂ ಮುಖ ತಿರುಗಿಸುತ್ತಾನೆ. ಸಾಲ ಮಾಡಿ ಹೋಗುವಂಥದ್ದಂತೂ ಅಲ್ಲ. ಉಳಿತಾಯ ಇದ್ದವರಿಗೆ, ಮಕ್ಕಳು ದೊಡ್ಡವರಾದ ಮೇಲೆ ಹೋಗುವವರಿಗೆ ಇದು ಸರಿ.

ಎಂಎಸ್‌ಎಫ್

ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್, ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ಎಂಎಸ್‌ಎಫ್. 1971ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಯಿತು, 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ದೆಹಲಿಯಲ್ಲಿ ಕಚೇರಿ ಇದೆ, ಭಾರತದಿಂದ ಜನರನ್ನು ಆರಿಸಿ ಹೊರಗೆ ಕಳಿಸುತ್ತಾರೆ. ನನ್ನ ಹತ್ತಿರ ಕೇಳಲು ಬರುವವರಲ್ಲಿ ನಿಜಕ್ಕೂ ಗಟ್ಟಿ ಮನಸ್ಸು ಇರುವವರಿಗೆ ನಾನು ತೋರಿಸುವ ದಾರಿ ಇದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ದುಡ್ಡಿನ ಮಾತು. ಇಲ್ಲಿ ನೀವು ಏನೂ ಕಟ್ಟಬೇಕಿಲ್ಲ. ಟಿಕೆಟ್, ವಿಮೆ, ವಸತಿ ಅವರದು. ತಿಂಗಳಿಗೆ ಸಂಬಳವೂ ಉಂಟು. ಗಲ್ಫ್‌ಗೆ ಹೋದ ಗೆಳತಿಯ ಸಂಬಳದ ಜೊತೆ ಹೋಲಿಸೋಕೆ ಹೋಗಬೇಡಿ, ನಿರಾಸೆಯಾಗುತ್ತದೆ. ಆದರೆ ಮನೆಯ ಇಎಂಐ ನಿಲ್ಲಬೇಕಿಲ್ಲ. ಬಡ ಮನೆಯಿಂದ ಬಂದ ಹುಡುಗ ಹುಡುಗಿಯರಿಗೂ ಈ ದಾರಿ ತೆರೆದಿದೆ ಅನ್ನೋದು ನನಗೆ ಹಿಡಿಸಿದ ಸಂಗತಿ.

ಬದಲಿಗೆ ಅವರು ಕೇಳುವುದು ಸಮಯ ಮತ್ತು ಅನುಭವ. ಕೋರ್ಸ್ ಮುಗಿದ ಮೇಲೆ ಕನಿಷ್ಠ ಎರಡು ವರ್ಷದ ಕೆಲಸ ಇರಬೇಕು. ಡಾಕ್ಟರ್, ನರ್ಸ್‌ಗಳಿಗೆ ಮೊದಲ ಸಲ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳು. ಸರ್ಜನ್, ಅರಿವಳಿಕೆ ತಜ್ಞರು, ಹೆರಿಗೆ ತಜ್ಞರಿಗೆ ಅವಧಿ ಕಡಿಮೆ, ಕೆಲವು ವಾರದಿಂದ ಮೂರು ತಿಂಗಳು. ಇಂಗ್ಲಿಷ್ ಸರಾಗವಾಗಿ ಬರಬೇಕು. ಫ್ರೆಂಚ್ ಬಂದರೆ ಕಾಂಗೋ, ಚಾಡ್, ನೈಜರ್ ಬಾಗಿಲು ತೆರೆಯುತ್ತದೆ. ಅರೇಬಿಕ್ ಬಂದರೆ ಸುಡಾನ್, ಯೆಮೆನ್.

ಹೋದವರಿಗೆ ಅಚ್ಚರಿಯಾಗುವ ಒಂದು ವಿಷಯ ಇದೆ. ಎಂಎಸ್‌ಎಫ್ ಸಿಬ್ಬಂದಿಯಲ್ಲಿ ಬಹುಪಾಲು ಜನ ಆಯಾ ದೇಶದವರೇ. ಹೊರಗಿನಿಂದ ಹೋದ ನರ್ಸ್‌ಗೆ ಸಿಗುವುದು ಹೆಚ್ಚಾಗಿ ಮೇಲ್ವಿಚಾರಣೆಯ ಕೆಲಸ. ಡ್ಯೂಟಿ ರೋಸ್ಟರ್ ಹಾಕುವುದು, ಔಷಧಿ ಆರ್ಡರ್ ಲೆಕ್ಕ, ಸೋಂಕು ತಡೆಯುವ ಕ್ರಮ, ಹೊಸಬರಿಗೆ ಕಲಿಸುವುದು. ಐವಿ, ಅಂದರೆ ಸಲೈನ್ ಸೂಜಿ ಹಾಕುವುದರಲ್ಲಿ ನೀವು ಎಷ್ಟೇ ಚುರುಕಿದ್ದರೂ ಅಲ್ಲಿನ ನರ್ಸ್ ನಿಮಗಿಂತ ಚುರುಕಿರುತ್ತಾಳೆ. ಕಲಬುರಗಿಯ ಸರ್ಕಾರಿ ದವಾಖಾನೆಯಲ್ಲಿ ಎರಡು ವರ್ಷ ವಾರ್ಡ್ ಇನ್‌ಚಾರ್ಜ್ ಆಗಿ, ಇದ್ದ ಅರ್ಧ ಸಿಬ್ಬಂದಿಯಲ್ಲಿ ರಾತ್ರಿ ಪಾಳಿ ಹೊಂದಿಸಿದವಳಿಗೆ ಈ ಕೆಲಸ ಹೊಸದಲ್ಲ. ಅರ್ಜಿಯಲ್ಲಿ ಅದನ್ನೇ ಮೇಲೆ ಬರೆಯಿರಿ.

ನಮ್ಮವರು ಕಡೆಗಣಿಸುವ ಇನ್ನೊಂದು ಅನುಭವ ಎನ್‌ಆರ್‌ಸಿ, ಅಂದರೆ ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರ. ಮಗುವಿನ ತೋಳಿಗೆ ಸುತ್ತುವ ಬಣ್ಣದ ಪಟ್ಟಿ ನೆನಪಿದೆಯಲ್ವಾ? ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ತೋಳು, ಭುಜಕ್ಕೂ ಮೊಣಕೈಗೂ ಸರಿಯಾಗಿ ನಡುವೆ. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 12.5ರವರೆಗೆ ಹಳದಿ. ಪಟ್ಟಿಯನ್ನು ಬಿಗಿಯಾಗಿ ಎಳೆದರೆ ಹಳದಿ ಮಗುವೂ ಕೆಂಪಾಗಿಬಿಡುತ್ತದೆ, ಸಡಿಲ ಬಿಟ್ಟರೆ ಕೆಂಪು ಮಗು ಮನೆಗೆ ಹೋಗಿಬಿಡುತ್ತದೆ. ದಕ್ಷಿಣ ಸುಡಾನಿನ ಟೆಂಟಿನಲ್ಲಿ ಸುತ್ತುವುದೂ ಇಂಥದ್ದೇ ಪಟ್ಟಿ, ಮಿತಿಯೂ ಅದೇ 11.5. ಅಲ್ಲಿನ ವಾರ್ಡಿನಲ್ಲಿ ಕುಡಿಸುವುದೂ ಇಂಥ ಮಕ್ಕಳಿಗೆಂದೇ ಇರುವ ಎಫ್-75, ಎಫ್-100 ಹಾಲೇ. ಯಾದಗಿರಿಯ ಎನ್‌ಆರ್‌ಸಿಯಲ್ಲಿ ಆರು ತಿಂಗಳು ಇದ್ದವರು ಪ್ಯಾಕೇಜ್ ಟೂರ್ ಮಾಡಿ ಬಂದವರಿಗಿಂತ ಎಷ್ಟೋ ಮುಂದಿರುತ್ತಾರೆ.

ಭಾಷೆಯೂ ಹಾಗೇ. ಬೆಳಿಗ್ಗೆಯ ಒಪಿಡಿಯಲ್ಲಿ ಕನ್ನಡ, ದಖನಿ, ತೆಲುಗು, ಮರಾಠಿ, ಲಂಬಾಣಿ ಎಲ್ಲ ಕೇಳುವವರು ನಾವು. ಪಕ್ಕದವರಿಂದ ಅರ್ಥ ಹೇಳಿಸಿಕೊಂಡು ಕೇಸ್ ನೋಡುವುದು ನಮಗೆ ರೂಢಿ. ಸೊಸೆಯ ನೋವನ್ನು ಅತ್ತೆ ಹೇಳಿದರೆ ಅದರಲ್ಲಿ ಎಷ್ಟು ಬಿಟ್ಟು ಹೋಗುತ್ತದೆ ಅಂತಲೂ ಗೊತ್ತು. ದುಭಾಷಿಯ ಜೊತೆ ಕೆಲಸ ಮಾಡುವಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಇನ್ನು ಬಿಸಿಲಿನ ಭಯ ನಿಮಗೆ ಬೇಡ, ಮೇ ತಿಂಗಳ ಕಲಬುರಗಿ ಕಂಡವರು ನೀವು. ಸುಡಾನಿನಲ್ಲಿ ಕಿಸ್ರಾ ಅಂತ ತೆಳ್ಳನೆಯ ರೊಟ್ಟಿ ತಿನ್ನುತ್ತಾರೆ, ಹುಳಿ ಬರಿಸಿದ ಜೋಳದ ಹಿಟ್ಟಿನದು. ಹಿಂಡಿ ಪಲ್ಯ ಮಾತ್ರ ಸಿಗಲ್ಲ.

ಅಪಾಯವನ್ನು ಮುಚ್ಚಿಡುವುದು ಸರಿಯಲ್ಲ. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಎಂಎಸ್‌ಎಫ್ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ಮಾಡಿತು. ರೋಗಿಗಳು, ಸಿಬ್ಬಂದಿ ಸೇರಿ 42 ಜನ ಸತ್ತರು. ಎಲ್ಲ ಯೋಜನೆಗಳೂ ಯುದ್ಧದ ನಡುವೆ ಇರುವುದಿಲ್ಲ, ನಿಜ. ಆದರೂ ಸಂಜೆ ಒಬ್ಬರೇ ಹೊರಗೆ ಹೋಗುವಂತಿಲ್ಲ, ರೇಡಿಯೋ ಇಲ್ಲದೆ ಗಾಡಿ ಹತ್ತುವಂತಿಲ್ಲ ಅನ್ನುವಂಥ ನಿಯಮಗಳ ಒಳಗೆ ತಿಂಗಳುಗಟ್ಟಲೆ ಇರಬೇಕಾಗಬಹುದು. ಇದು ಎಲ್ಲರಿಗೂ ಆಗುವ ಮಾತಲ್ಲ. ಮನೆಯಲ್ಲಿ ಮದುವೆಯ ಮಾತು ನಡೆದಿದ್ದರೆ ಅರ್ಜಿ ಹಾಕುವ ಮುಂಚೆಯೇ ಬಾಯಿ ಬಿಟ್ಟು ಹೇಳಿ. ಆಯ್ಕೆಯಾದ ಮೇಲೆ ಹೇಳಿದರೆ ರಂಪ ಜಾಸ್ತಿ.

ವಿಶ್ವಸಂಸ್ಥೆಯ ವಾಲಂಟಿಯರ್

ಯುಎನ್‌ವಿ ಅನ್ನುತ್ತಾರೆ. ಜರ್ಮನಿಯ ಬಾನ್‌ನಲ್ಲಿ ಕೇಂದ್ರ ಕಚೇರಿ. ತಿಂಗಳಿಗೆ ಬದುಕಲು ಬೇಕಾದ ಭತ್ಯೆ ಕೊಡುತ್ತಾರೆ. ಇದರಲ್ಲಿ ರೋಗಿಯ ಹಾಸಿಗೆ ಪಕ್ಕದ ಕೆಲಸ ಕಡಿಮೆ. ಲಸಿಕೆ ಕಾರ್ಯಕ್ರಮ, ರೋಗಗಳ ಲೆಕ್ಕ, ಸಂಯೋಜನೆ ಇಂಥವು ಜಾಸ್ತಿ. ಕಮ್ಯುನಿಟಿ ಮೆಡಿಸಿನ್ ಓದಿದವರಿಗೆ, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಿದವರಿಗೆ ಚಲೋ. ಉಳಿದವರಿಗೆ ಬೇಸರ ಬರುತ್ತದೆ.

ಭೂಕಂಪ ಆಯಿತು ಅಂತ ಓಡಬೇಡಿ

2015ರ ಏಪ್ರಿಲ್‌ನಲ್ಲಿ ನೇಪಾಳ ನಡುಗಿದಾಗ ಬಹಳ ಜನಕ್ಕೆ ಬ್ಯಾಗ್ ಹೆಗಲಿಗೇರಿಸಿ ಹೊರಡಬೇಕು ಅನ್ನಿಸಿತ್ತು. ಅನ್ನಿಸುವುದು ಸಹಜ. ಆದರೆ 2010ರ ಹೈಟಿ ಭೂಕಂಪದ ಕಥೆ ಓದಿದವರು ಹಿಂದೆ ಮುಂದೆ ನೋಡುತ್ತಾರೆ. ಅಲ್ಲಿಗೆ ನೂರಾರು ತಂಡಗಳು ನುಗ್ಗಿದವು. ಕೆಲವರಿಗೆ ಊಟ, ನೀರು, ಮಲಗುವ ಜಾಗವನ್ನು ಸಂತ್ರಸ್ತರ ಪಾಲಿನಿಂದಲೇ ಕೊಡಬೇಕಾಯಿತು. ಕೈಕಾಲು ಕತ್ತರಿಸಿದ ಶಸ್ತ್ರಚಿಕಿತ್ಸೆಗಳ ದಾಖಲೆಯೇ ಎಷ್ಟೋ ಕಡೆ ಉಳಿಯಲಿಲ್ಲ. ಅದೇ ವರ್ಷದ ಕೊನೆಗೆ ಕಾಲರಾ ಬಂತು. ಅದು ಹೊಕ್ಕಿದ್ದು ವಿಶ್ವಸಂಸ್ಥೆಯ ಶಾಂತಿಪಡೆಯ ಒಂದು ಶಿಬಿರದ ಹೊಲಸು ನೀರಿನಿಂದ. ಸುಮಾರು ಹತ್ತು ಸಾವಿರ ಜನ ಸತ್ತರು. ತನ್ನ ಪಾತ್ರವನ್ನು ವಿಶ್ವಸಂಸ್ಥೆ ಒಪ್ಪಿಕೊಂಡಿದ್ದು 2016ರಲ್ಲಿ. ಸಹಾಯಕ್ಕೆ ಬಂದವರ ಜೊತೆಗೇ ರೋಗವೂ ಬಂದಿತ್ತು.

ಇದೆಲ್ಲ ಆದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ವಿದೇಶಿ ವೈದ್ಯಕೀಯ ತಂಡಗಳಿಗೆ ವರ್ಗೀಕರಣ, ಕನಿಷ್ಠ ಗುಣಮಟ್ಟ ಗೊತ್ತು ಮಾಡಿತು. ತಂಡ ತನ್ನ ಊಟ, ನೀರು, ಕರೆಂಟು ತಾನೇ ತರಬೇಕು. ಆ ದೇಶದ ಅಧಿಕಾರಿಗಳ ಹತ್ತಿರ ಹೆಸರು ನೋಂದಾಯಿಸಬೇಕು. ವಿಪತ್ತಿನಲ್ಲಿ ಕೆಲಸ ಮಾಡಬೇಕು ಅಂತಿದ್ದರೆ ವಿಪತ್ತು ಬರುವ ಮುಂಚೆಯೇ ಒಂದು ತಂಡ ಸೇರಿ ತರಬೇತಿ ಪಡೆಯಿರಿ. ರೆಡ್ ಕ್ರಾಸ್ ಇದೆ, ಮುಂಬೈನ ಡಾಕ್ಟರ್ಸ್ ಫಾರ್ ಯು ಇದೆ. ಭೀಮಾ ನದಿಗೆ ಮಹಾಪೂರ ಬಂದಾಗ ಅಫಜಲಪುರ, ಜೇವರ್ಗಿ ಕಡೆಯ ಕಾಳಜಿ ಕೇಂದ್ರಗಳಲ್ಲಿ ನಿಮ್ಮ ಕೈ ಪಳಗಲಿ.

ಹೊರದೇಶವೇ ಯಾಕೆ?

ನೋಡಿ, ಈ ಪ್ರಶ್ನೆ ಹಾಕಿದರೆ ಕೆಲವರಿಗೆ ಸಿಟ್ಟು ಬರುತ್ತದೆ. "ಇಲ್ಲಿ ಇರೋದಾದ್ರೆ ಇಲ್ಲೇ ಇರ್ತಿದ್ದೆ ಮೇಡಂ" ಅಂತಾರೆ. ಹೊಸ ಜಾಗ ನೋಡುವ ಆಸೆ ತಪ್ಪಲ್ಲ. ಆದರೆ ಮನೆ ಬಿಟ್ಟು ಬೇರೆ ನೆಲದಲ್ಲಿ, ಬೇರೆ ಭಾಷೆಯವರ ನಡುವೆ ಇದ್ದು ಕಲಿಯುವುದೇ ಗುರಿ ಅಂದರೆ ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ.

ಮಹಾರಾಷ್ಟ್ರದ ಜಾಮಖೇಡ ನಮಗೆ ದೂರವೇನಲ್ಲ. ವೈದ್ಯರಾದ ಅರೋಳೆ ದಂಪತಿ 1970ರಲ್ಲಿ ಅಲ್ಲಿ ಕೆಲಸ ಶುರು ಮಾಡಿದರು. ಓದು ಬರಹ ಬಾರದ ಹೆಂಗಸರನ್ನೇ ಊರಿನ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ಇದ್ದಾರೆ. ಹಳ್ಳಿಯ ಹೆಂಗಸರು ಮನೆಮನೆಗೆ ಹೋಗಿ ಹಸುಗೂಸುಗಳನ್ನು ನೋಡಿಕೊಂಡರೆ ಸಾವು ಕಡಿಮೆಯಾಗುತ್ತದೆ ಅಂತ ತೋರಿಸಿದವರು. ಆ ಅಧ್ಯಯನ 1999ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇವತ್ತು ನಮ್ಮ ಆಶಾ ಅಕ್ಕ ಬಾಣಂತಿ ಮನೆಗೆ 3, 7, 14ನೇ ದಿನ ಅಂತ ಹೋಗುತ್ತಾರಲ್ಲ, ಅದರ ಬೇರು ಅಲ್ಲಿದೆ. ಛತ್ತೀಸಗಢದ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ, ತಮಿಳುನಾಡಿನ ಸಿಟ್ಟಿಲಿಂಗಿಯಲ್ಲಿ ಟ್ರೈಬಲ್ ಹೆಲ್ತ್ ಇನಿಶಿಯೇಟಿವ್. ನಮ್ಮದೇ ರಾಜ್ಯದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ (ವಿಜಿಕೆಕೆ) ಇದೆ, ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೆ. ಇವುಗಳಲ್ಲಿ ಒಂದು ಕಡೆ ಒಂದು ವರ್ಷ ಇದ್ದು ಬಂದವರ ಅರ್ಜಿಯನ್ನು ಯಾವ ಅಂತರರಾಷ್ಟ್ರೀಯ ಸಂಸ್ಥೆಯೂ ಗಮನವಿಟ್ಟು ಓದುತ್ತದೆ.

ಹಾಗಾಗಿ ಯಾರಿಗೆ ಯಾವುದು ಅಂತ ಕೇಳಿದರೆ ನನ್ನ ಉತ್ತರ ಹೀಗಿದೆ. ಇನ್ನೂ ಓದುತ್ತಿದ್ದರೆ ಹೊರದೇಶ ಬೇಡ, ರಜೆಯಲ್ಲಿ ಜಾಮಖೇಡಕ್ಕೆ ಹೋಗಿ. ಎಂಬಿಬಿಎಸ್ ಈಗಷ್ಟೇ ಮುಗಿದಿದ್ದರೆ 2012ರ ಕಾಯ್ದೆಯ ಕಡ್ಡಾಯ ಗ್ರಾಮೀಣ ಸೇವೆ ನಿಮ್ಮ ಬ್ಯಾಚಿಗೆ ಹೇಗೆ ಅನ್ವಯಿಸುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಎರಡು ವರ್ಷ ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆ, ಹಾವು ಕಡಿತ, ಕ್ರಿಮಿನಾಶಕ ಕುಡಿದವರು, ಟಿಬಿ ಎಲ್ಲ ನೋಡಿ, ಆಮೇಲೆ ಎಂಎಸ್‌ಎಫ್. ನರ್ಸ್‌ಗಳಿಗೂ ಇದೇ ಮಾತು. ಸರ್ಜನ್, ಅರಿವಳಿಕೆ ತಜ್ಞರಿಗೆ ಸ್ವಂತ ಪ್ರಾಕ್ಟೀಸ್ ಬಿಟ್ಟು ವರ್ಷಗಟ್ಟಲೆ ಹೋಗೋಕಾಗಲ್ಲ, ಅವರಿಗೆ ಎರಡು ವಾರದ ತಂಡವೇ ಸರಿ. ಫಾರ್ಮಾಸಿಸ್ಟ್, ಲ್ಯಾಬ್ ಟೆಕ್ನಿಷಿಯನ್, ಅಕೌಂಟ್ಸ್ ಬಲ್ಲವರು, ನೀರು ಸರಬರಾಜಿನ ಎಂಜಿನಿಯರ್, ಇವರೆಲ್ಲ "ನಾವು ಡಾಕ್ಟರ್ ಅಲ್ವಲ್ಲ" ಅಂತ ಹಿಂದೆ ಸರಿಯುತ್ತಾರೆ. ಬೇಡ. ಎಂಎಸ್‌ಎಫ್‌ನಲ್ಲಿ ವೈದ್ಯಕೀಯ ಅಲ್ಲದ ಹುದ್ದೆಗಳೂ ಬೇಕಾದಷ್ಟಿವೆ.

ಹೊರಡುವುದು ಖಚಿತ ಆದ ಮೇಲೆ

ನಿಮ್ಮ ಇಲ್ಲಿನ ನೋಂದಣಿ ಅಲ್ಲಿ ತಾನಾಗಿ ನಡೆಯಲ್ಲ. ಆ ದೇಶದ ಕೌನ್ಸಿಲ್‌ನಿಂದ ತಾತ್ಕಾಲಿಕ ಅನುಮತಿ ಬೇಕು, ಅದಕ್ಕೆ ಇಲ್ಲಿನ ಕೌನ್ಸಿಲ್‌ನಿಂದ 'ಗುಡ್ ಸ್ಟ್ಯಾಂಡಿಂಗ್' ಪತ್ರ, ಅಂದರೆ ನಿಮ್ಮ ನೋಂದಣಿ ಸರಿಯಾಗಿದೆ ಅನ್ನುವ ಪತ್ರ ಬೇಕು. ಟೂರಿಸ್ಟ್ ವೀಸಾದಲ್ಲಿ ಹೋಗಿ ರೋಗಿ ನೋಡಿದರೆ ಸಿಕ್ಕಿಬೀಳುವವರು ನೀವು, ಕಳಿಸಿದ ಏಜೆಂಟ್ ಅಲ್ಲ. ನರ್ಸ್‌ಗಳು ಇನ್ನೊಂದು ಗಮನಿಸಬೇಕು. ಯೆಮೆನ್, ಸುಡಾನ್, ಲಿಬಿಯಾ, ಇರಾಕ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗುವವರಿಗಾಗಿ ಸರ್ಕಾರ ನಡೆಸುವ ಇ-ಮೈಗ್ರೇಟ್ ಜಾಲತಾಣದ ನಿಯಮಗಳಿವೆ. 'ವಾಲಂಟಿಯರ್' ಅಂತ ಹೇಳಿ ಖಾಸಗಿ ಕ್ಲಿನಿಕ್ಕಿಗೆ ಸಾಗಿಸುವವರ ಬಗ್ಗೆ ಎಚ್ಚರ.

ಹಳದಿ ಜ್ವರದ ಲಸಿಕೆ ಎಲ್ಲ ದವಾಖಾನೆಯಲ್ಲೂ ಸಿಗಲ್ಲ, ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅಲ್ಲಿ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್‌ನಲ್ಲಿ ವಿಚಾರಿಸಿ. ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಕಾರ್ಡ್ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅದು ಇಲ್ಲದೆ ಹಳದಿ ಜ್ವರವಿರುವ ಆಫ್ರಿಕಾದ ದೇಶದಿಂದ ವಾಪಸ್ ಬಂದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಹೆಪಟೈಟಿಸ್ ಬಿಗೆ ಮೂರು ಡೋಸ್, ಕೊನೆಯದು ಆರನೇ ತಿಂಗಳಿಗೆ. ಹಾಗಾಗಿ ಅದನ್ನು ಮೊದಲೇ ಶುರು ಮಾಡಿ. ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಡೆಯುವ ಮಾತ್ರೆ ಆದಷ್ಟು ಬೇಗ, ತಡ ಅಂದರೂ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನಡೆಯಬೇಕು. ಆ ಮಾತ್ರೆ ಅಲ್ಲಿ ಇದೆಯಾ ಅಂತ ಹೋಗುವ ಮುಂಚೆ ಕೇಳಿ. ಮಲೇರಿಯಾ ತಡೆಯುವ ಗುಳಿಗೆಯನ್ನು ಡಾಕ್ಟರ್ ಬರೆದುಕೊಟ್ಟಷ್ಟು ದಿನ, ಊರಿಗೆ ಬಂದ ಮೇಲೂ ತಪ್ಪಿಸಬೇಡಿ. ಬಂದು ಕೆಲವು ವಾರಕ್ಕೆ ಜ್ವರ ಬಂದರೆ ಡಾಕ್ಟರಿಗೆ ಮೊದಲ ಮಾತೇ ಆಫ್ರಿಕಾದಿಂದ ಬಂದಿದ್ದು ಅಂತ ಆಗಿರಲಿ.

ಸ್ಯಾಂಪಲ್ ಔಷಧಿ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗಬೇಡಿ. ದಾನದ ಔಷಧಿ ಆ ದೇಶಕ್ಕೆ ಮುಟ್ಟಿದಾಗ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಅಲ್ಲಿನವರು ಕೇಳಿದ್ದನ್ನೇ ಕೊಡಬೇಕು ಅಂತಲೂ ಹೇಳುತ್ತದೆ. ಫೋಟೋದ ವಿಷಯ ಸುಲಭ. ನಮ್ಮ ವಾರ್ಡಿನ ಮಗುವಿನ ಜೊತೆ ತೆಗೆದು ಸ್ಟೇಟಸ್ ಹಾಕೋಕೆ ಹಿಂಜರಿಯುವಂಥದ್ದನ್ನು ಅಲ್ಲೂ ತೆಗೆಯಬೇಡಿ.

ಸಂಸ್ಥೆಗೆ ಬರೆಯುವ ಮೊದಲ ಮೇಲ್‌ನಲ್ಲಿ ನಾಲ್ಕು ಮಾತು ಕೇಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅಲ್ಲಿನ ಯಾವ ಆಸ್ಪತ್ರೆ ನಿಮ್ಮನ್ನು ಕರೆದಿದೆ? ನನ್ನ ಮೇಲಿನ ಹಿರಿಯರು ಯಾರು, ಅವರು ಆ ದೇಶದವರಾ? ನಾನು ವಾಪಸ್ ಬಂದ ಮೇಲೆ ನಾನು ನೋಡಿದ ರೋಗಿಗಳ ಕೇಸ್ ಶೀಟ್ ಯಾರ ಹತ್ತಿರ ಇರುತ್ತದೆ? ನನಗೆ ಏನಾದರೂ ಆದರೆ ಕರೆತರುವ ಖರ್ಚು ಯಾರದು? ಒಳ್ಳೆಯ ಸಂಸ್ಥೆಗಳು ಇವಕ್ಕೆ ಹೆಸರು, ಹುದ್ದೆ ಸಮೇತ ಉತ್ತರ ಕೊಡುತ್ತವೆ. ಉತ್ತರದ ಬದಲು ಬಣ್ಣದ ಬ್ರೋಷರ್, ಜೊತೆಗೆ "ಮೂರೇ ಸೀಟ್ ಉಳಿದಿವೆ, ಇವತ್ತೇ ಅಡ್ವಾನ್ಸ್ ಕಟ್ಟಿ" ಅಂತ ಬಂದರೆ ಅಲ್ಲಿಗೆ ಮುಗಿಯಿತು, ಮುಂದಿನ ಸಂಸ್ಥೆಗೆ ಬರೆಯಿರಿ.